ಹುಬ್ಬಳ್ಳಿಯಿಂದ ರೀಸ್ಲಿಂಗ್ ಕೂಟಕ್ಕೆ: ಹುಳಿ ಹಿಡಿದು ಸಿಹಿ ಅಳೆಯುವ ಕೈಪಿಡಿ

ಹೋಳಿಗೆ ಮಾಡಿದ ದಿನ ಕಟ್ಟಿನ ಸಾರಿಗೆ ಹುಣಸೆಹುಳಿ ಹಿಂಡಿ, ಮೇಲೊಂದು ಚೂರು ಬೆಲ್ಲ ಹಾಕುತ್ತಾರೆ. ಸಾರು ಸಿಹಿಯಾಗಲಿ ಎಂದಲ್ಲ. ಹುಳಿಯ ಮೊನೆ ಮೊಂಡಾಗಲಿ, ಖಾರ ಹದಕ್ಕೆ ಬರಲಿ ಎಂದು. ಬೆಲ್ಲ ಹೆಚ್ಚಾದರೆ ಪಾಕ, ಕಡಿಮೆಯಾದರೆ ಹಲ್ಲು ಚಳ್ಳೆನ್ನುವ ಹುಳಿ. ಈ ಹದ ಗೊತ್ತಿರುವ ನಾಲಿಗೆ ರೀಸ್ಲಿಂಗ್ ವೈನಿನ ಅರ್ಧ ಪಾಠ ಮನೆಯಲ್ಲೇ ಕಲಿತಿದೆ. ಉಳಿದರ್ಧ ಕಲಿಯಲು ಒಳ್ಳೆಯ ಜಾಗವೆಂದರೆ ಹತ್ತಾರು ದೇಶಗಳ ರೀಸ್ಲಿಂಗ್ ತಯಾರಕರು ಒಂದೇ ಸೂರಿನಡಿ ಬಾಟಲಿ ತೆರೆದು ಕೂರುವ ಕೂಟ.

ಹುಬ್ಬಳ್ಳಿ-ಧಾರವಾಡದ ಹೋಟೆಲ್ ಮತ್ತು ಬಾರ್ ನಡೆಸುವವರು, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರು, ವೈನ್ ದ್ರಾಕ್ಷಿಯ ಕಡೆ ಕಣ್ಣಿಟ್ಟಿರುವ ಬೆಳೆಗಾರರು ಇಂಥ ಕೂಟಕ್ಕೆ ಹೋಗಿ ಬರಿ ಗ್ಲಾಸು ಎತ್ತಿ ಫೋಟೊ ತೆಗೆದುಕೊಂಡು ಬಂದರೆ ಖರ್ಚು ದಂಡ. ಎರಡು ತಿಂಗಳ ತಯಾರಿ ಮಾಡಿಕೊಂಡು ಹೋಗಬೇಕು. ಆ ತಯಾರಿ ಇಲ್ಲಿದೆ.

ಮೊದಲು, ಯಾವ ಕೂಟ

ರೀಸ್ಲಿಂಗ್ ಜರ್ಮನಿಯ ರೈನ್ ನದಿ ಸೀಮೆಯ ಬಿಳಿ ದ್ರಾಕ್ಷಿ. 1435ರ ಒಂದು ನೆಲಮಾಳಿಗೆ ಲೆಕ್ಕಪತ್ರದಲ್ಲಿ ಇದರ ಬಳ್ಳಿ ಕೊಂಡ ದಾಖಲೆಯಿದೆ. ಇಂದಿಗೂ ಇದನ್ನು ಅತಿ ಹೆಚ್ಚು ಬೆಳೆಯುವ ದೇಶ ಜರ್ಮನಿಯೇ. ಆಮೇಲೆ ಫ್ರಾನ್ಸಿನ ಅಲ್ಸಾಸ್, ಆಸ್ಟ್ರಿಯಾದ ವಾಖಾವ್ ಮತ್ತು ಕಾಂಪ್ಟಾಲ್, ಆಸ್ಟ್ರೇಲಿಯಾದ ಕ್ಲೇರ್ ಮತ್ತು ಈಡನ್ ಕಣಿವೆ, ಅಮೆರಿಕದ ವಾಷಿಂಗ್ಟನ್ ರಾಜ್ಯ ಮತ್ತು ನ್ಯೂಯಾರ್ಕಿನ ಫಿಂಗರ್ ಲೇಕ್ಸ್, ನ್ಯೂಜಿಲೆಂಡ್, ಕೆನಡಾ. ಇವರೆಲ್ಲ ಸೇರುವ ಕೂಟಗಳು ಮೂರು ಬಗೆ.

ಒಂದು, ರೀಸ್ಲಿಂಗ್‌ಗೆಂದೇ ನಡೆಯುವ ಸಮಾವೇಶ. ಸಿಯಾಟಲ್ ಹತ್ತಿರದ ಷಾಟೋ ಸೇಂಟ್ ಮಿಷೆಲ್ ವೈನರಿ ಮತ್ತು ಜರ್ಮನಿಯ ಮೋಸೆಲ್ ಕಣಿವೆಯ ಡಾ. ಲೋಸನ್ ವೈನರಿ ಕೂಡಿ 2007ರಲ್ಲಿ ಶುರು ಮಾಡಿದ ರೀಸ್ಲಿಂಗ್ ರಾಂಡೆವೂ ಈ ಬಗೆಯದು. ಸಾರ್ವಜನಿಕರಿಗೆ ಒಂದು ದೊಡ್ಡ ರುಚಿನೋಟ, ಆಮೇಲೆ ವೃತ್ತಿಯವರಿಗೆ ಗೋಷ್ಠಿಗಳು ಮತ್ತು ಕುಳಿತು ನಡೆಸುವ ಬ್ಲೈಂಡ್ ಟೇಸ್ಟಿಂಗ್ (ಬಾಟಲಿಯ ಹೆಸರು ಮುಚ್ಚಿಟ್ಟು ರುಚಿ ನೋಡುವುದು), ಹೀಗೆ ಅದರ ರೂಪ. ಇಂಥವು ವರ್ಷವರ್ಷವೂ ನಡೆಯುವುದಿಲ್ಲ. ದಿನಾಂಕ ಖಚಿತವಾಗದೆ ಟಿಕೆಟ್ ತೆಗೆಯಬೇಡಿ. ಎರಡು, ವ್ಯಾಪಾರ ಮೇಳ. ಜರ್ಮನಿಯ ಡ್ಯೂಸಲ್‌ಡಾರ್ಫ್‌ನಲ್ಲಿ ಮಾರ್ಚ್ ತಿಂಗಳಲ್ಲಿ ನಡೆಯುವ ಪ್ರೋವೈನ್ ಎಲ್ಲ ವೈನ್‌ಗಳ ಮೇಳವಾದರೂ, ರೀಸ್ಲಿಂಗ್ ತಯಾರಕರ ಮಟ್ಟಿಗೆ ಇಷ್ಟು ಮಂದಿ ಒಂದೆಡೆ ಸಿಗುವುದು ಅಪರೂಪ. ಮೈಂಝ್ ನಗರದಲ್ಲಿ ವಸಂತದಲ್ಲಿ ನಡೆಯುವ ವಿಡಿಪಿ ವೈನ್‌ಬೋರ್ಸೆ ಇನ್ನೂ ಆಳ. ವಿಡಿಪಿ ಎಂದರೆ 1910ರಲ್ಲಿ ಹುಟ್ಟಿದ ಜರ್ಮನ್ ವೈನ್ ಎಸ್ಟೇಟುಗಳ ಸಂಘ, ಎದೆಯ ಮೇಲೆ ದ್ರಾಕ್ಷಿಗೊಂಚಲು ಹೊತ್ತ ಹದ್ದು ಅದರ ಗುರುತು. ಇವೆರಡೂ ವೃತ್ತಿಯವರಿಗೆ ಮಾತ್ರ. ಮೂರು, ಯಾರು ಬೇಕಾದರೂ ಹೋಗಬಹುದಾದ ಬೀದಿ ಉತ್ಸವ. ವೀಸ್‌ಬಾಡನ್‌ನಲ್ಲಿ ಆಗಸ್ಟ್ ತಿಂಗಳ ರೈನ್‌ಗಾವ್ ವೈನ್ ವಾರ ಅಂಥದ್ದು; ಅಲ್ಲಿ ತಯಾರಕರ ಮಳಿಗೆಯಿಂದ ಗ್ಲಾಸಿನ ಲೆಕ್ಕದಲ್ಲಿ ಕೊಂಡು ಕುಡಿಯುವುದು.

ಮೊದಲ ಸಲ ಹೋಗುವವರು ಮೊದಲ ಬಗೆಯದನ್ನೇ ಹುಡುಕಿ. ವ್ಯಾಪಾರ ಮೇಳದಲ್ಲಿ ಎದುರಿನವರ ಕಣ್ಣು ಆರ್ಡರಿನ ಮೇಲಿರುತ್ತದೆ. ಗೋಷ್ಠಿಯಲ್ಲಿ ಮಾತ್ರ ತಯಾರಕ ತನ್ನ ಬ್ಯಾರಲ್‌ನ ತಪ್ಪನ್ನೂ ಬಾಯಿಬಿಟ್ಟು ಹೇಳುತ್ತಾನೆ.

ಕಾಗದಪತ್ರ

ವೃತ್ತಿಯವರ ಕೂಟಕ್ಕೆ ನೋಂದಾಯಿಸಲು ನೀವು ವೈನ್ ಕೊಳ್ಳುವ, ಮಾರುವ ಅಥವಾ ಬೆಳೆಯುವವರು ಎಂಬುದಕ್ಕೆ ಪುರಾವೆ ಕೇಳುತ್ತಾರೆ. ಸಿಎಲ್-7 (ಹೋಟೆಲ್) ಅಥವಾ ಸಿಎಲ್-9 (ಬಾರ್) ಅಬಕಾರಿ ಪರವಾನಗಿಯ ಪ್ರತಿ, ಜಿಎಸ್‌ಟಿ ನೋಂದಣಿ, ನಿಮ್ಮ ಹುದ್ದೆ ಬರೆದ ವಿಸಿಟಿಂಗ್ ಕಾರ್ಡ್ ಸಾಕು. ಕನ್ನಡದಲ್ಲಿರುವ ಪರವಾನಗಿಯನ್ನು ಇಂಗ್ಲಿಷಿಗೆ ಅನುವಾದಿಸಿ ಜೊತೆಗಿಡಿ. ಹಾಗೇ ಕಳಿಸಿದರೆ ನೋಂದಣಿ ಅಲ್ಲೇ ನಿಲ್ಲುತ್ತದೆ. ಬೆಳೆಗಾರರಾದರೆ ಪಹಣಿಯ ಅನುವಾದ ಮತ್ತು ವೈನರಿಯೊಂದಿಗಿನ ಒಪ್ಪಂದ ಇದ್ದರೆ ಅದನ್ನೂ ಸೇರಿಸಿ.

ಪಾಸ್‌ಪೋರ್ಟ್ ಕೆಲಸ ಹುಬ್ಬಳ್ಳಿಯ ಸೇವಾ ಕೇಂದ್ರದಲ್ಲೇ ಆಗುತ್ತದೆ. ಜರ್ಮನಿಯ ಕೂಟವಾದರೆ ಷೆಂಗನ್ ವೀಸಾ ಅರ್ಜಿಗೆ ಬೆಂಗಳೂರಿಗೆ ಹೋಗಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನ ಮೊದಲು ಕೊನೆಯ ಗಡುವು. ಆದರೆ ಹದಿನೈದು ದಿನ ನಂಬಿ ಕೂರಬೇಡಿ, ಎರಡು ತಿಂಗಳು ಮೊದಲೇ ಹಾಕಿ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಕೂಟದ ನೋಂದಣಿ ಪತ್ರದಲ್ಲಿರುವ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರ ಅಕ್ಷರ ಹೊಂದಬೇಕು. ನಮ್ಮ ಕಡೆ ಅಡ್ಡಹೆಸರು, ತಂದೆಯ ಹೆಸರು ಹಿಂದುಮುಂದಾಗುವುದು ಹೆಚ್ಚು; ತೊಡಕು ಅಲ್ಲೇ ಬರುವುದು.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ, ಅಲ್ಲಿಂದ ಮೈಂಝ್, ವೀಸ್‌ಬಾಡನ್ ಅರ್ಧ ಗಂಟೆಯ ದಾರಿ. ಕೂಟಕ್ಕೆ ಎರಡು ದಿನ ಮೊದಲು ತಲುಪಿ. ವಿಮಾನದ ಒಣಗಾಳಿಗೆ ಮೂಗಿನ ಪೊರೆ ಒಣಗಿರುತ್ತದೆ. ಇಳಿದ ದಿನವೇ ಮೂಸಿದರೆ ಅರ್ಧ ವಾಸನೆ ಸಿಗುವುದಿಲ್ಲ.

ಮನೆಯಲ್ಲಿ ನಾಲ್ಕು ಲೋಟದ ಅಭ್ಯಾಸ

ಇದನ್ನು ಬಿಟ್ಟು ಹೋದವರು ಅಲ್ಲಿ ತಡವರಿಸುತ್ತಾರೆ. ರೀಸ್ಲಿಂಗ್ ಎಂದರೆ ಸಿಹಿ ವೈನ್ ಎಂಬ ಒಂದೇ ಮಾತು ತಲೆಯಲ್ಲಿಟ್ಟುಕೊಂಡು ಹೋಗಿ, ಮೊದಲ ಟ್ರೋಕನ್, ಅಂದರೆ ಡ್ರೈ (ಸಿಹಿ ಗೊತ್ತಾಗದ) ವೈನಿನ ಗುಟುಕಿಗೇ ಮುಖ ಕಿವುಚುತ್ತಾರೆ. ನಾಲಿಗೆಗೆ ಮೊದಲು ಹುಳಿಯ ಲೆಕ್ಕ ಕಲಿಸಿ, ಸಿಹಿ ತಾನಾಗಿ ಗೊತ್ತಾಗುತ್ತದೆ.

ಬೇಕಾದ್ದು ಇಷ್ಟು: ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಮಾರುವ ಸಿಟ್ರಿಕ್ ಆ್ಯಸಿಡ್, ಸಕ್ಕರೆ, ಕುಡಿಯುವ ನೀರು, ಗ್ರಾಂ ತೋರಿಸುವ ಸಣ್ಣ ತಕ್ಕಡಿ. ಒಂದು ಲೀಟರ್ ನೀರಿಗೆ 7 ಗ್ರಾಂ ಸಿಟ್ರಿಕ್ ಆ್ಯಸಿಡ್ ಕರಗಿಸಿ. ವೈನಿನವರು ಹುಳಿಯನ್ನು ಟಾರ್ಟಾರಿಕ್ ಆಮ್ಲದ ಲೆಕ್ಕದಲ್ಲಿ ಹೇಳುತ್ತಾರೆ; ಈ 7 ಗ್ರಾಂ ಆ ಲೆಕ್ಕದಲ್ಲಿ ಸುಮಾರು 8 ಗ್ರಾಂ, ಅಂದರೆ ಒಂದು ಒಳ್ಳೆಯ ರೀಸ್ಲಿಂಗಿನ ಹುಳಿ. ಈ ನೀರನ್ನು 250 ಮಿಲಿಲೀಟರಿನಂತೆ ನಾಲ್ಕು ಲೋಟಕ್ಕೆ ಹಂಚಿ. ಮೊದಲನೆಯದಕ್ಕೆ ಸಕ್ಕರೆ ಬೇಡ. ಎರಡನೆಯದಕ್ಕೆ 2 ಗ್ರಾಂ, ಮೂರನೆಯದಕ್ಕೆ 4 ಗ್ರಾಂ, ನಾಲ್ಕನೆಯದಕ್ಕೆ 10 ಗ್ರಾಂ.

ಒಂದೊಂದೇ ಗುಟುಕು ಬಾಯಲ್ಲಿ ಹತ್ತು ಎಣಿಸುವಷ್ಟು ಹೊತ್ತು ಆಡಿಸಿ ಉಗುಳಿ. ಎರಡನೆಯ ಲೋಟದಲ್ಲಿ ಸಕ್ಕರೆ ಇದೆ ಎಂದು ಮೊದಲೇ ಗೊತ್ತಿರದಿದ್ದರೆ ನೀವು ಹೇಳಲಾರಿರಿ; ಹುಳಿಯ ಅಂಚು ಮಾತ್ರ ಸ್ವಲ್ಪ ಸವೆದಂತಿರುತ್ತದೆ. ಮೂರನೆಯದರಲ್ಲಿ ಸಿಹಿ ನಾಲಿಗೆಯ ತುದಿಗೆ ತಾಗಿ, ಹಿಂದೆಯೇ ಹುಳಿ ಬಂದು ಅದನ್ನು ಒಯ್ದುಬಿಡುತ್ತದೆ. ನಾಲ್ಕನೆಯದರಲ್ಲಿ ಸಿಹಿ ಕೊನೆಯವರೆಗೆ ನಿಲ್ಲುತ್ತದೆ. ಈಗ ಇನ್ನೊಂದು ಲೋಟದಲ್ಲಿ ಮೊದಲ ಲೋಟದಲ್ಲಿ ಉಳಿದ ಹುಳಿನೀರು ಅರ್ಧ, ಬರಿ ನೀರು ಅರ್ಧ ಬೆರೆಸಿ, ಅದಕ್ಕೂ 4 ಗ್ರಾಂ ಸಕ್ಕರೆ ಹಾಕಿ ಮೂರನೆಯದರ ಪಕ್ಕ ಇಟ್ಟು ಕುಡಿಯಿರಿ. ಸಕ್ಕರೆ ಒಂದೇ ಅಳತೆ, ಆದರೂ ಇದು ಪಾನಕ. ಅಷ್ಟು ಗೊತ್ತಾದರೆ ಅಭ್ಯಾಸ ಸಾರ್ಥಕ.

ನಿಂಬೆ ಉಪ್ಪಿನ ನೀರು ವೈನಿಗಿಂತ ಒರಟು. ವೈನಿನಲ್ಲಿರುವ ಪೊಟ್ಯಾಸಿಯಂ, ಆಲ್ಕೊಹಾಲ್ ಹುಳಿಯನ್ನು ಮೆತ್ತಗೆ ಮಾಡುತ್ತವೆ, ನೀರಿನಲ್ಲಿ ಅವಿಲ್ಲ. ಹಾಗಾಗಿ ಇಲ್ಲಿ ನೋಡಬೇಕಾದ್ದು ರುಚಿಯ ಸೊಗಸಲ್ಲ, ಅನುಪಾತ. ಮೂರನೆಯ ಲೋಟವನ್ನೇ ಒಮ್ಮೆ ಫ್ರಿಜ್ಜಿನಿಂದ ತೆಗೆದು, ಒಮ್ಮೆ ಮನೆಯ ಬಿಸಿಗೆ ಬಿಟ್ಟು ಕುಡಿದು ನೋಡಿ. ತಂಪಿನಲ್ಲಿ ಸಿಹಿ ಅಡಗುತ್ತದೆ, ಬಿಸಿಯಲ್ಲಿ ಎದ್ದು ಕೂರುತ್ತದೆ. ವಾರಕ್ಕೆ ಎರಡು ಸಲ, ಬೇರೆಯವರಿಂದ ಲೋಟ ಅದಲುಬದಲು ಮಾಡಿಸಿ ಮಾಡಿದರೆ ಒಂದು ತಿಂಗಳಲ್ಲಿ ನಾಲಿಗೆ ಹದಕ್ಕೆ ಬರುತ್ತದೆ. ನಿಜವಾದ ರೀಸ್ಲಿಂಗೇ ಬೇಕೆಂದರೆ ನಾಸಿಕದ ಸುಲಾ ಅದನ್ನು ಮಾಡುತ್ತದೆ.

ಈ ನಾಲ್ಕು ಲೋಟ ಬರಿ ಆಟವಲ್ಲ. ಇಂಟರ್‌ನ್ಯಾಷನಲ್ ರೀಸ್ಲಿಂಗ್ ಫೌಂಡೇಶನ್ ಬಾಟಲಿಯ ಹಿಂದೆ ಅಚ್ಚು ಹಾಕಿಸುವ ಸಿಹಿ ಅಳತೆಪಟ್ಟಿಗೂ ಇದೇ ಲೆಕ್ಕ ಆಧಾರ: ಒಂದು ಲೀಟರಿನಲ್ಲಿರುವ ಸಕ್ಕರೆಯ ಗ್ರಾಂ ಅನ್ನು ಹುಳಿಯ ಗ್ರಾಂನಿಂದ ಭಾಗಿಸುವುದು. ಉತ್ತರ 1ಕ್ಕಿಂತ ಕಡಿಮೆ ಇದ್ದರೆ ಡ್ರೈ, 1ರಿಂದ 2 ಮೀಡಿಯಂ ಡ್ರೈ, 2ರ ಮೇಲೆ 4ರವರೆಗೆ ಮೀಡಿಯಂ ಸ್ವೀಟ್, ಅದರ ಮೇಲೆ ಸ್ವೀಟ್. ಸಕ್ಕರೆ 18, ಹುಳಿ 9 ಇದ್ದರೆ ಉತ್ತರ 2, ಇನ್ನೂ ಮೀಡಿಯಂ ಡ್ರೈ. ಅದೇ 18 ಗ್ರಾಂ ಸಕ್ಕರೆಗೆ ಹುಳಿ 6 ಆದರೆ ಉತ್ತರ 3, ಮೀಡಿಯಂ ಸ್ವೀಟ್. ಪಿಎಚ್ (ಹುಳಿಯ ತೀಕ್ಷ್ಣತೆಯ ಅಳತೆ, ಅಂಕಿ ಏರಿದಷ್ಟೂ ಹುಳಿ ಮಂದ) 3.3 ಅಥವಾ ಹೆಚ್ಚಿದ್ದರೆ ಹುಳಿ ನಾಲಿಗೆಗೆ ಸಪ್ಪೆ ಎನಿಸುವುದರಿಂದ ವೈನನ್ನು ಒಂದು ಮೆಟ್ಟಿಲು ಸಿಹಿಯ ಕಡೆಗೆ ತಳ್ಳುತ್ತಾರೆ. ಕೂಟದಲ್ಲಿ ಯಾರಾದರೂ ಬರಿ ಸಕ್ಕರೆಯ ಅಂಕಿ ಹೇಳಿದರೆ ಹುಳಿ ಎಷ್ಟು ಎಂದು ಕೇಳಿ. ಆ ಒಂದು ಪ್ರಶ್ನೆಗೆ ತಯಾರಕರು ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ.

ಲೇಬಲ್ ಓದುವುದು

ಜರ್ಮನ್ ಲೇಬಲ್ಲಿನಲ್ಲಿ ಮೊದಲು ಆಲ್ಕೊಹಾಲ್ ಅಂಕಿ ನೋಡಿ. ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಒಂದು ಲೀಟರಿನಲ್ಲಿ ಶೇ 1 ಆಲ್ಕೊಹಾಲ್. ಶೇ 10.5 ಆಗಬಹುದಾಗಿದ್ದ ರಸವನ್ನು ಶೇ 8ಕ್ಕೇ ನಿಲ್ಲಿಸಿದರೆ ಉಳಿದ ಎರಡೂವರೆ ಪಾಲಿನ ಸಕ್ಕರೆ, ಅಂದರೆ ಸುಮಾರು 42 ಗ್ರಾಂ, ಬಾಟಲಿಯಲ್ಲೇ ಇದೆ. ಹಾಗಾಗಿ ಶೇ 7ರಿಂದ 9 ಇದ್ದರೆ ಸಿಹಿ ಉಳಿದಿದೆ, 12 ದಾಟಿದ್ದರೆ ಬಹುತೇಕ ಡ್ರೈ. ಹೆಸರು ಓದಲು ಬಾರದಿದ್ದರೂ ಈ ಅಂಕಿ ದಾರಿ ತೋರಿಸುತ್ತದೆ.

ಟ್ರೋಕನ್ ಎಂದರೆ ಡ್ರೈ: ಸಕ್ಕರೆ ಹೆಚ್ಚೆಂದರೆ 9 ಗ್ರಾಂ, ಅದೂ ಹುಳಿಗಿಂತ 2 ಗ್ರಾಂ ಮಾತ್ರ ಹೆಚ್ಚಿರಬಹುದು. ಫೈನ್‌ಹೆರ್ಬ್ ಎಂದರೆ ಸ್ವಲ್ಪ ಸಿಹಿ ಉಳಿಸಿದ್ದು. ಇದಕ್ಕೆ ಕಾನೂನಿನ ಅಳತೆ ಇಲ್ಲ, ತಯಾರಕರನ್ನೇ ಕೇಳಬೇಕು. ಕಾಬಿನೆಟ್, ಶ್ಪೇಟ್ಲೇಸೆ, ಔಸ್ಲೇಸೆ, ಬೇರನ್‌ಔಸ್ಲೇಸೆ, ಟ್ರೋಕನ್‌ಬೇರನ್‌ಔಸ್ಲೇಸೆ ಎಂಬ ಏಣಿ ದ್ರಾಕ್ಷಿ ಕೊಯ್ಯುವಾಗಿನ ಸಕ್ಕರೆಯದು, ಬಾಟಲಿಯ ಸಿಹಿಯದಲ್ಲ. ಶ್ಪೇಟ್ಲೇಸೆ ಟ್ರೋಕನ್ ಎಂದಿದ್ದರೆ ಅದು ಡ್ರೈ ವೈನೇ. ಎಲ್ಲರೂ ಎಡವುವುದು ಕೊನೆಯ ಹೆಸರಿನಲ್ಲಿ: ಟ್ರೋಕನ್‌ಬೇರನ್‌ಔಸ್ಲೇಸೆಯಲ್ಲಿ ಟ್ರೋಕನ್ ಇರುವುದು ಬಳ್ಳಿಯಲ್ಲೇ ಬಾಡಿ ಒಣಗಿದ ಕಾಳಿಗಾಗಿ, ವೈನ್ ಮಾತ್ರ ಎಲ್ಲಕ್ಕಿಂತ ಸಿಹಿ. ಐಸ್‌ವೈನಿಗೆ ದ್ರಾಕ್ಷಿ ಬಳ್ಳಿಯಲ್ಲಿ ಮೈನಸ್ 7 ಡಿಗ್ರಿಗೆ ಹೆಪ್ಪುಗಟ್ಟಿರಬೇಕು. ಗ್ರೋಸಸ್ ಗೆವೆಕ್ಸ್ ಅಥವಾ ಜಿಜಿ ಎಂದರೆ ವಿಡಿಪಿ ಸದಸ್ಯರ ಅತ್ಯುತ್ತಮ ಹೊಲದ ಡ್ರೈ ವೈನ್. ವಾಖಾವಿನವರಿಗೆ ಬೇರೆ ಹೆಸರುಗಳು: ಸ್ಟೈನ್‌ಫೆಡರ್ ಶೇ 11.5ರ ಒಳಗೆ, ಫೆಡರ್‌ಸ್ಪೀಲ್ 12.5ರವರೆಗೆ, ಸ್ಮರಾಗ್ಡ್ ಅದರಿಂದ ಮೇಲೆ.

ಹಿಂದಿನ ರಾತ್ರಿ, ಆ ಬೆಳಿಗ್ಗೆ

ಅತ್ತರು, ಸೆಂಟು, ವಾಸನೆಯ ಹೇರ್ ಆಯಿಲ್ ಬೇಡ. ಒಬ್ಬರ ಸೆಂಟು ಇಡೀ ಮೇಜಿನ ಮೂಗು ಕೆಡಿಸುತ್ತದೆ. ಎಲೆ-ಅಡಿಕೆ ಅಭ್ಯಾಸವಿದ್ದವರು ಹಿಂದಿನ ದಿನವೇ ನಿಲ್ಲಿಸಿ. ಅಡಿಕೆಯ ಒಗರು ಮತ್ತು ಸುಣ್ಣ ನಾಲಿಗೆಯನ್ನು ಮರಗಟ್ಟಿಸುತ್ತವೆ, ಸವಣೂರಿನ ಎಳೆ ವೀಳ್ಯದೆಲೆಯಾದರೂ ಅಷ್ಟೇ. ಪರದೇಶದ ಸಪ್ಪೆ ಊಟಕ್ಕೆಂದು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯುವುದು ಜಾಣತನವೇ, ಆದರೆ ಹಿಂಡಿಯನ್ನು ರುಚಿನೋಟ ಮುಗಿದ ಮೇಲೆ ಬಿಚ್ಚಿ. ಬೆಳಿಗ್ಗೆ ರೊಟ್ಟಿ, ಬ್ರೆಡ್, ಬೇಯಿಸಿದ ಆಲೂಗಡ್ಡೆ ಹೊಟ್ಟೆ ತುಂಬ ತಿನ್ನಿ. ಬರಿ ಹೊಟ್ಟೆಗೆ ಇಷ್ಟು ಹುಳಿ ಇಳಿದರೆ ಮಧ್ಯಾಹ್ನದೊಳಗೆ ಎದೆ ಉರಿ.

ಹಲ್ಲು ಉಜ್ಜುವುದು ರುಚಿನೋಟಕ್ಕೆ ಒಂದೂವರೆ ಗಂಟೆ ಮೊದಲೇ ಮುಗಿಯಲಿ. ಮುಗಿದ ಮೇಲೆ ಕೂಡಲೇ ಉಜ್ಜಬೇಡಿ. ಹುಳಿಗೆ ಹಲ್ಲಿನ ಹೊರಪದರ ಮೆತ್ತಗಾಗಿರುತ್ತದೆ, ಬ್ರಷ್ ತಿಕ್ಕಿದರೆ ಅದು ಸವೆಯುತ್ತದೆ. ಬರಿ ನೀರು ಮುಕ್ಕಳಿಸಿ ಒಂದು ಗಂಟೆ ಬಿಡಿ.

ಯುರೋಪಿನ ಒಕ್ಕೂಟಕ್ಕೆ ಹೊರಗಿನವರು ಹಾಲಿನ ಪದಾರ್ಥ ಒಯ್ಯುವುದಕ್ಕೆ ನಿರ್ಬಂಧವಿದೆ. ಧಾರವಾಡ ಪೇಡೆಯ ಡಬ್ಬಿ ಹಿಡಿದು ಕಸ್ಟಮ್ಸ್ ಮುಂದೆ ನಿಲ್ಲುವ ಪಾಡು ಬೇಡ. ತಯಾರಕರಿಗೆ ಏನಾದರೂ ಕೊಡಬೇಕೆನಿಸಿದರೆ ಕಸೂತಿ ಹಾಕಿದ ಕರವಸ್ತ್ರ ಒಯ್ಯಿರಿ. ತೂಕವಿಲ್ಲ, ಎಂದೂ ಮರೆಯುವುದಿಲ್ಲ.

ಮೇಜಿನ ಮುಂದೆ

ಲೆಕ್ಕ ಮೊದಲು. ಒಂದು ಸುರಿವಿಗೆ 30 ಮಿಲಿಲೀಟರ್. ಅರವತ್ತು ವೈನ್ ನುಂಗಿದರೆ 1.8 ಲೀಟರ್, ಎರಡು ಬಾಟಲಿಗಿಂತ ಹೆಚ್ಚು. ಹಾಗಾಗಿ ಉಗುಳಲೇಬೇಕು. ನಮ್ಮಲ್ಲಿ ಉಗುಳುವುದು ಅಸಹ್ಯ ಎಂದು ಹಿಂಜರಿಯುವವರಿದ್ದಾರೆ. ಅಲ್ಲಿ ಉಗುಳದವರನ್ನೇ ಅನುಮಾನದಿಂದ ನೋಡುತ್ತಾರೆ. ಮನೆಯಲ್ಲಿ ಸಿಂಕಿನ ಮುಂದೆ ನೀರಿನಲ್ಲಿ ಅಭ್ಯಾಸ ಮಾಡಿ: ತುಟಿ ಬಿಗಿದು, ಕೆನ್ನೆ ಒಳಗೆಳೆದು, ಸಣ್ಣ ಧಾರೆಯಾಗಿ ಬಿಡಬೇಕು. ಎಷ್ಟೇ ಉಗುಳಿದರೂ ಸ್ವಲ್ಪ ಒಳಗೆ ಹೋಗುತ್ತದೆ, ಆ ದಿನ ಗಾಡಿ ಮುಟ್ಟಬೇಡಿ.

ದೇಶವಾರು ಮೇಜುಗಳನ್ನು ಸರದಿಯಲ್ಲಿ ನೋಡುತ್ತ ಹೋಗಬೇಡಿ. ಎಲ್ಲ ಮೇಜುಗಳ ಡ್ರೈ ವೈನ್‌ಗಳನ್ನು ಮೊದಲು ಮುಗಿಸಿ, ಎರಡನೆಯ ಸುತ್ತಿಗೆ ಅರೆಸಿಹಿ, ಕೊನೆಗೆ ಸಿಹಿ. ಔಸ್ಲೇಸೆ ಕುಡಿದ ನಾಲಿಗೆಗೆ ಆಮೇಲೆ ಬರುವ ಟ್ರೋಕನ್ ನಿಂಬೆಹುಳಿಯಂತೆ ಚುಚ್ಚುತ್ತದೆ, ಆ ವೈನಿಗೆ ನೀವು ಅನ್ಯಾಯ ಮಾಡಿದಂತೆ. ಪ್ರತಿ ವೈನಿಗೆ ಮೂರು ನಿಮಿಷ, ಹನ್ನೆರಡು ವೈನಿಗೊಮ್ಮೆ ಹತ್ತು ನಿಮಿಷ ಹೊರಗಿನ ಗಾಳಿ, ಒಂದು ಲೋಟ ನೀರು, ಒಂದು ತುಂಡು ಬರಿ ಬ್ರೆಡ್. ಉಪ್ಪಿನ ಚೀಸ್ ಬೇಡ. ಉಪ್ಪು ಹುಳಿಯನ್ನು ಮುಚ್ಚುತ್ತದೆ, ಕೆಟ್ಟ ವೈನೂ ಒಳ್ಳೆಯದೆನಿಸುತ್ತದೆ. ವಸಡು ಜುಮ್ಮೆನ್ನಲು ಶುರುವಾದರೆ ನಾಲಿಗೆ ದಣಿದಿದೆ ಎಂದರ್ಥ, ಅರ್ಧ ಗಂಟೆ ಬಿಟ್ಟುಬಿಡಿ.

ಒಂದು ಗ್ಲಾಸನ್ನು ಹತ್ತಿರದಿಂದ ನೋಡೋಣ. ಮೋಸೆಲ್ಲಿನ ಎಳೆಯ ಕಾಬಿನೆಟ್, ಶೇ 8 ಆಲ್ಕೊಹಾಲ್. ಕಾಂಡ ಹಿಡಿದು ಬಿಳಿ ಕಾಗದದ ಮೇಲೆ ಓರೆ ಮಾಡಿ: ಬಣ್ಣ ನೀರಿಗೆ ಹತ್ತಿರ, ಅಂಚಿನಲ್ಲಿ ಹಸಿರು ಛಾಯೆ. ಗ್ಲಾಸಿನ ಗೋಡೆಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿರಬಹುದು. ಕೆಟ್ಟಿದ್ದಲ್ಲ, ಹುದುಗುವಾಗ ಉಳಿದ ಇಂಗಾಲದ ಡೈಆಕ್ಸೈಡ್. ಗ್ಲಾಸು ಅಲ್ಲಾಡಿಸದೆ ಒಮ್ಮೆ ಮೂಸಿ. ಬೆಂಕಿಕಡ್ಡಿ ಗೀರಿದಂಥ ವಾಸನೆ ಬಂದರೆ ಅದು ಗಂಧಕ. ಎಳೆಯ ಮೋಸೆಲ್ ವೈನಿನಲ್ಲಿ ಸಾಮಾನ್ಯ, ತಿರುಗಿಸಿ ಎರಡು ನಿಮಿಷ ಬಿಟ್ಟರೆ ಹಾರಿಹೋಗುತ್ತದೆ. ಈಗ ತಿರುಗಿಸಿ ಮೂಸಿ: ಲಿಂಬೆ ಸಿಪ್ಪೆ ಉಗುರಿನಿಂದ ಗೀರಿದಾಗಿನ ಎಣ್ಣೆ, ಹಸಿ ಸೇಬು, ಮಲ್ಲಿಗೆ ಮೊಗ್ಗಿನ ತಂಪು, ಕಾದ ಹಾಸುಗಲ್ಲಿನ ಮೇಲೆ ಮೊದಲ ಹನಿ ಬಿದ್ದ ವಾಸನೆ. ಬೇರೆಯವರ ಪಟ್ಟಿಯ ಹಣ್ಣು ಹುಡುಕಬೇಡಿ; ನೀವು ತಿನ್ನದ ಹಣ್ಣಿನ ಹೆಸರು ನಿಮ್ಮ ಟಿಪ್ಪಣಿಯಲ್ಲಿದ್ದರೆ ನಾಳೆ ಅದು ನಿಮಗೇ ಅರ್ಥವಾಗದು. ಪೇರಲ ಅನಿಸಿದರೆ ಪೇರಲ ಎಂದೇ ಬರೆಯಿರಿ.

ಒಂದು ದೊಡ್ಡ ಚಮಚದಷ್ಟು ಬಾಯಿಗೆ ತೆಗೆದುಕೊಂಡು, ತುಟಿ ಸಂದಿಯಿಂದ ಸ್ವಲ್ಪ ಗಾಳಿ ಎಳೆದುಕೊಳ್ಳಿ. ಸಿಹಿ ಮೊದಲು ಬರುತ್ತದೆ. ಮೂರು, ನಾಲ್ಕು ಎಣಿಸುವಷ್ಟರಲ್ಲಿ ನಾಲಿಗೆಯ ಎರಡೂ ಬದಿಗೆ ಹುಳಿ ಏರಿ, ಕೆನ್ನೆಯೊಳಗಿಂದ ನೀರು ಒಸರುತ್ತದೆ. ಉಗುಳಿ, ಆಮೇಲೆ ಎಣಿಸಿ. ಬಾಯಲ್ಲಿ ಕೊನೆಗೆ ಉಳಿದದ್ದು ಸಿಹಿಯೋ, ಹುಳಿಯೋ, ಹಣ್ಣೋ? ಸಿಹಿಯೊಂದೇ ಉಳಿದು ಜೋನಿ ಬೆಲ್ಲದಂತೆ ಅಂಟಿದರೆ ವೈನಿನ ಹದ ತಪ್ಪಿದೆ. ಹಣ್ಣು ಮತ್ತು ಹುಳಿ ಜೊತೆಗೆ ಹದಿನೈದು, ಇಪ್ಪತ್ತು ಎಣಿಸುವವರೆಗೆ ನಿಂತು, ಬಾಯಿ ಮತ್ತೆ ಸ್ವಚ್ಛವಾದರೆ ಅದು ಮೇಲ್ಮಟ್ಟದ ಕಾಬಿನೆಟ್. ಇದರ ಪಕ್ಕದಲ್ಲೇ ಕ್ಲೇರ್ ಕಣಿವೆಯ ಡ್ರೈ ರೀಸ್ಲಿಂಗ್ ಇಟ್ಟುಕೊಳ್ಳಿ: ಶೇ 12ರ ಆಸುಪಾಸು, ಸಕ್ಕರೆ ಇಲ್ಲವೆನ್ನುವಷ್ಟು, ಲಿಂಬೆಯ ನೇರ ಗೆರೆ. ಎರಡೂ ಒಂದೇ ದ್ರಾಕ್ಷಿ ಎಂದು ಬಾಯಿಗೆ ಗೊತ್ತಾಗುವ ಆ ಗಳಿಗೆಗಾಗಿಯೇ ಇಷ್ಟು ದೂರ ಬರಬೇಕು.

ವೈನ್ ತೀರಾ ತಂಪಾಗಿದ್ದರೆ, 4-5 ಡಿಗ್ರಿಯಲ್ಲಿ, ಏನೂ ವಾಸನೆ ಬರುವುದಿಲ್ಲ. ಗ್ಲಾಸಿನ ಬಟ್ಟಲನ್ನು ಅಂಗೈಯಲ್ಲಿ ಹಿಡಿದು ಕಾಯಿಸಿ. 10-12 ಡಿಗ್ರಿ ಹದ.

ಚಿಮಣಿ ಎಣ್ಣೆಯ ವಾಸನೆ

ಹಳೆಯ ರೀಸ್ಲಿಂಗ್ ಮೂಸಿದ ಕೂಡಲೇ ಹೊಸಬರು ಗ್ಲಾಸು ಹಿಂದಕ್ಕೆ ಕೊಡುತ್ತಾರೆ, ಇದರಲ್ಲಿ ಚಿಮಣಿ ಎಣ್ಣೆ ಬಿದ್ದಿದೆಯೇನೋ ಎಂದು. ಬಿದ್ದಿಲ್ಲ. ದ್ರಾಕ್ಷಿಯ ಸಿಪ್ಪೆಯಲ್ಲಿರುವ ಕ್ಯಾರೊಟಿನಾಯ್ಡ್‌ಗಳು ಒಡೆದು, ಬಾಟಲಿಯಲ್ಲಿ ವರ್ಷಗಳು ಕಳೆದಂತೆ ಟಿಡಿಎನ್ ಎಂಬ ವಸ್ತುವಾಗುತ್ತವೆ, ವಾಸನೆ ಅದರದ್ದು. ಗೊಂಚಲಿಗೆ ಬಿಸಿಲು ಹೆಚ್ಚು ಬಿದ್ದಷ್ಟೂ ಇದು ಹೆಚ್ಚು. ಬಿಸಿ ಸೀಮೆಯ ವೈನಿನಲ್ಲಿ ಬೇಗ ಏಳುತ್ತದೆ. ಹತ್ತು ವರ್ಷದ ವೈನಿನಲ್ಲಿ ಜೇನು, ಒಣ ಏಪ್ರಿಕಾಟ್ ಜೊತೆ ಹಿತವಾಗಿ ಬೆರೆತಿದ್ದರೆ ಅದು ಗುಣ. ಎರಡು ವರ್ಷದ ವೈನಿನಲ್ಲಿ ಅದೊಂದೇ ಮುಖಕ್ಕೆ ಹೊಡೆದರೆ ತೋಟದಲ್ಲಿ ಎಲೆ ಅತಿಯಾಗಿ ಕಿತ್ತಿದ್ದಾರೆಯೇ ಎಂದು ಕೇಳಬಹುದು. ಬಿಜಾಪುರ ಸೀಮೆಯ ಬಿಸಿಲಿನಲ್ಲಿ ಈ ದ್ರಾಕ್ಷಿ ಬೆಳೆಯುವ ಕನಸಿದ್ದವರು ಈ ಮಾತನ್ನು ಗಟ್ಟಿಯಾಗಿ ಹಿಡಿಯಬೇಕು: ಗೊಂಚಲಿಗೆ ನೆರಳು ಬೇಕು.

ನಿಜವಾದ ದೋಷಗಳು ಬೇರೆ. ಹಸಿ ರಟ್ಟು ಅಥವಾ ಮಳೆಗೆ ನೆನೆದ ಗೋಣಿಚೀಲದ ವಾಸನೆ ಬಿರಡೆಯ ದೋಷ, ಗಾಳಿಗೆ ಹೋಗುವುದಿಲ್ಲ. ಇನ್ನೊಂದು ಬಾಟಲಿ ತೆರೆಯಲು ಮೆಲ್ಲಗೆ ಕೇಳಿ, ತಯಾರಕರು ಧನ್ಯವಾದ ಹೇಳುತ್ತಾರೆ. ಈ ದೋಷಕ್ಕೆ ಬೇಸತ್ತೇ ಕ್ಲೇರ್ ಕಣಿವೆಯ ಹಲವು ತಯಾರಕರು 2000ನೇ ಸಾಲಿನ ರೀಸ್ಲಿಂಗನ್ನು ಒಟ್ಟಾಗಿ ತಿರುಪು ಮುಚ್ಚಳಕ್ಕೆ ಬದಲಿಸಿದರು. ಕೊಯ್ದು ಕಂದಾದ ಸೇಬಿನ ವಾಸನೆ ಗಾಳಿ ಸೇರಿದ್ದರ ಗುರುತು. ನೇಲ್ ಪಾಲಿಶ್ ವಾಸನೆ ವಿನಿಗರ್ ಕಡೆ ತಿರುಗಿದ್ದರದು. ಬಾಟಲಿಯ ತಳದಲ್ಲಿ ಗಾಜಿನ ಪುಡಿಯಂತೆ ಹೊಳೆಯುವ ಹರಳು ಕಂಡರೆ ಹೆದರಬೇಡಿ. ಟಾರ್ಟಾರಿಕ್ ಆಮ್ಲ ಪೊಟ್ಯಾಸಿಯಂ ಜೊತೆ ಸೇರಿ ತಂಪಿಗೆ ಹರಳುಗಟ್ಟಿದ್ದು, ನಿರಪಾಯ.

ಕೇಳಬೇಕಾದ್ದು, ಬರೆದುಕೊಳ್ಳಬೇಕಾದ್ದು

ಪೆನ್ಸಿಲ್ ಒಯ್ಯಿರಿ. ವೈನ್ ತಾಗಿದರೆ ಶಾಯಿ ಹರಡುತ್ತದೆ. ಒಂದು ವೈನಿಗೆ ಒಂದೇ ಸಾಲು: ಹೆಸರು ಮತ್ತು ವರ್ಷ, ಸಕ್ಕರೆ, ಹುಳಿ, ಉಗುಳಿದ ಮೇಲೆ ಎಷ್ಟು ಎಣಿಸುವವರೆಗೆ ನಿಂತಿತು, ಕೊಳ್ಳುತ್ತೇನೋ ಇಲ್ಲವೋ. ಉಳಿದ ವರ್ಣನೆ ಸಂಜೆ.

ಬೆಳೆಗಾರರ ಪ್ರಶ್ನೆಗಳು ಬೇರೆ ಇರಬೇಕು. ಮೋಸೆಲ್ ಇರುವುದು ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಧಾರವಾಡ ಹದಿನೈದರಲ್ಲಿ. ಅಲ್ಲಿ ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಬಳ್ಳಿ ಸವರಿ, ತಂಪು ಶರತ್ಕಾಲದಲ್ಲಿ ನಿಧಾನ ಹಣ್ಣಾಗಿಸಿ ಕೊಯ್ಯುತ್ತಾರೆ. ಕಡಿದಾದ ಇಳಿಜಾರಿನ ಸ್ಲೇಟ್ ಕಲ್ಲು ಹಗಲಿನ ಬಿಸಿ ಹಿಡಿದಿಟ್ಟು ರಾತ್ರಿ ಬಳ್ಳಿಗೆ ಕೊಡುತ್ತದೆ. ನಮ್ಮಲ್ಲಿ ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮಾಡಿ ಫೆಬ್ರುವರಿ-ಮಾರ್ಚ್‌ನಲ್ಲಿ ಕೊಯ್ಲು. ಬಿಸಿ ಏರುತ್ತ ಹೋದಂತೆ ಹುಳಿ, ಅದರಲ್ಲೂ ಮ್ಯಾಲಿಕ್ ಆಮ್ಲ, ಬೇಗ ಉರಿದುಹೋಗುತ್ತದೆ. ಆದ್ದರಿಂದ ಇಲ್ಲಿಯ ಚಿಂತೆ ಸಕ್ಕರೆಯದಲ್ಲ, ಹುಳಿಯದು. ಕೊಯ್ಲಿನ ದಿನ ಪಿಎಚ್ ಎಷ್ಟಿತ್ತು, ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) ಎಷ್ಟಿತ್ತು, ಗೊಂಚಲಿನ ಸುತ್ತ ಎಲೆ ಎಷ್ಟು ಬಿಟ್ಟಿದ್ದಿರಿ, ಬೇರುಸಸಿ ಯಾವುದು, ಇವನ್ನು ಕೇಳಿ. ಆಸ್ಟ್ರೇಲಿಯಾದವರ ಬಳಿ ಹೆಚ್ಚು ಹೊತ್ತು ನಿಲ್ಲಿ, ಬಿಸಿಲಿನ ತೊಂದರೆ ಬಲ್ಲವರು ಅವರು.

ಶುದ್ಧ ಸಸ್ಯಾಹಾರಿಗಳು ಇನ್ನೊಂದು ಕೇಳಬೇಕು: ವೈನ್ ತಿಳಿ ಮಾಡಲು ಏನು ಹಾಕಿದ್ದೀರಿ? ಕೆಲವರು ಜೆಲಟಿನ್ ಅಥವಾ ಮೀನಿನ ಗಾಳಿಚೀಲದ ಅಂಟು ಬಳಸುತ್ತಾರೆ, ಹಲವರು ಬೆಂಟೊನೈಟ್ ಎಂಬ ಜೇಡಿಮಣ್ಣು ಮಾತ್ರ.

ಬಾಟಲಿ ತರುವುದು, ಇಡುವುದು

ಭಾರತಕ್ಕೆ ಸುಂಕವಿಲ್ಲದೆ ಒಬ್ಬರಿಗೆ 2 ಲೀಟರ್. 750 ಮಿಲಿಲೀಟರಿನ ಮೂರು ಬಾಟಲಿ 2.25 ಲೀಟರ್ ಆಗಿ ಮಿತಿ ಮೀರುತ್ತದೆ. ಎರಡು ದೊಡ್ಡದು, ಒಂದು 375ರ ಅರ್ಧ ಬಾಟಲಿ ತನ್ನಿ; 1.875 ಲೀಟರ್. ಔಸ್ಲೇಸೆಯಿಂದ ಮೇಲಿನ ಸಿಹಿ ವೈನ್ ಅರ್ಧ ಬಾಟಲಿಯಲ್ಲೇ ಹೆಚ್ಚಾಗಿ ಸಿಗುವುದರಿಂದ ಈ ಲೆಕ್ಕ ಕೂಡಿಬರುತ್ತದೆ. ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಲಗೇಜಿಗೇ ಹಾಕಬೇಕು. ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸ್ವೆಟರಿನಲ್ಲಿ ಸುತ್ತಿ, ಸೂಟ್‌ಕೇಸಿನ ನಡುವೆ ಇಡಿ. ಮನೆಗೆ ಬಂದ ಮೇಲೆ ಎರಡು ವಾರ ಅಲುಗಾಡಿಸದೆ ಬಿಡಿ.

ಏಪ್ರಿಲ್-ಮೇ ತಿಂಗಳ ಹುಬ್ಬಳ್ಳಿಯ ಬಿಸಿಲು ವೈನಿಗೆ ಶತ್ರು. ಅಟ್ಟ, ಅಡುಗೆಮನೆಯ ಕಪಾಟು, ಟಿವಿ ಸ್ಟ್ಯಾಂಡು ಯಾವುದೂ ಬೇಡ. ಬಿಸಿಗೆ ವೈನ್ ಹಿಗ್ಗಿ ಬಿರಡೆಯನ್ನು ಮೇಲೆ ತಳ್ಳುತ್ತದೆ. ಬಾಟಲಿಯ ಕೊರಳಲ್ಲಿ ಅಂಟಂಟು ಕಂಡರೆ ಆ ವೈನ್ ಕೆಟ್ಟಿದೆ ಎಂದೇ ಲೆಕ್ಕ. ನಮ್ಮ ಹಿರಿಯರು ಜೋಳವನ್ನು ನೆಲದಡಿಯ ಹಗೇವಿನಲ್ಲಿ ಇಡುತ್ತಿದ್ದರು. ವೈನಿನವರ ನೆಲಮಾಳಿಗೆಯೂ ಮಣ್ಣಿನ ಅದೇ ತಂಪನ್ನು ನಂಬಿದ್ದು. ಹಗೇವು ಈಗ ಇಲ್ಲದ ಮನೆಗಳಲ್ಲಿ ಫ್ರಿಜ್ಜಿನ ತರಕಾರಿ ತಟ್ಟೆಯೇ ಗತಿ, ಮಲಗಿಸಿ ಇಡಿ.

ಕುಡಿಯುವ ದಿನ ಐಸು ಮತ್ತು ನೀರು ಸಮ ಹಾಕಿದ ಬಕೆಟ್ಟಿನಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಸಾಕು. ಬರಿ ಐಸು ಬಾಟಲಿಗೆ ಸರಿಯಾಗಿ ತಾಗುವುದಿಲ್ಲ, ತಡವಾಗುತ್ತದೆ. ಗ್ಲಾಸಿಗೆ 75 ಮಿಲಿಲೀಟರಿಗಿಂತ ಹೆಚ್ಚು ಸುರಿಯಬೇಡಿ, ನಮ್ಮ ಸೆಕೆಗೆ ಬೇಗ ಬಿಸಿಯಾಗುತ್ತದೆ. ಗಿರಾಕಿಗಳಿಗೆ ರುಚಿ ತೋರಿಸುವ ಕಾರ್ಯಕ್ರಮ ಮಾಡುವುದಾದರೆ ಅಬಕಾರಿ ಪರವಾನಗಿ ಇರುವ ಜಾಗದಲ್ಲೇ, ಪರವಾನಗಿಯ ಮೇಲೆ ಕೊಂಡ ಬಾಟಲಿಯಿಂದಲೇ ಮಾಡಿ. ಸೂಟ್‌ಕೇಸಿನಲ್ಲಿ ತಂದದ್ದು ಮನೆಮಂದಿಗೆ.

ಜೊತೆಗೆ ತಿನ್ನಲು ನಮ್ಮ ಊಟವೇ ಇದೆ. ಆಲ್ಕೊಹಾಲ್ ಹೆಚ್ಚಿದ್ದಷ್ಟೂ ಮೆಣಸಿನಕಾಯಿಯ ಉರಿ ಹೆಚ್ಚುತ್ತದೆ, ಸಿಹಿ ಅದನ್ನು ತಣಿಸುತ್ತದೆ. ಹಾಗಾಗಿ ಮಿರ್ಚಿ ಭಜಿಗೆ ಶೇ 8ರ ಕಾಬಿನೆಟ್ ಹೊಂದುವಷ್ಟು ಶೇ 13ರ ಡ್ರೈ ವೈನ್ ಹೊಂದದು. ಎಣ್ಣೆಗಾಯಿ ಬದನೆಕಾಯಿಯ ಶೇಂಗಾ-ಎಳ್ಳಿನ ಜಿಡ್ಡಿಗೆ ಫೈನ್‌ಹೆರ್ಬ್. ಅದರ ಹುಳಿ ಜಿಡ್ಡನ್ನು ತೊಳೆಯುತ್ತದೆ, ಚೂರು ಸಿಹಿ ಬ್ಯಾಡಗಿ ಮೆಣಸಿನಕಾಯಿಯ ಖಾರಕ್ಕೆ ಜೊತೆಯಾಗುತ್ತದೆ. ಗಿರ್ಮಿಟ್ಟಿನ ಹುಣಸೆಹುಳಿಯ ಮುಂದೆ ಹುಳಿ ಕಡಿಮೆಯ ವೈನ್ ಸಪ್ಪೆಯಾಗಿಬಿಡುತ್ತದೆ. ಅದಕ್ಕೆ ತೀಕ್ಷ್ಣವಾದ ಟ್ರೋಕನ್ನೇ ಆಗಬೇಕು. ಪೇಡೆಗೂ ಶೇಂಗಾ ಹೋಳಿಗೆಗೂ ಡ್ರೈ ವೈನ್ ಇಡಬೇಡಿ. ತಿನಿಸಿಗಿಂತ ವೈನ್ ಸಿಹಿಯಾಗಿರಬೇಕು, ಇಲ್ಲವಾದರೆ ವೈನ್ ಬರಿ ಹುಳಿನೀರಾಗುತ್ತದೆ. ಆ 375ರ ಔಸ್ಲೇಸೆ ತಂದದ್ದು ಇದಕ್ಕೇ. ಆರು ಜನರಿಗೆ ಒಬ್ಬರಿಗೆ 60 ಮಿಲಿಲೀಟರಿನಂತೆ ಸರಿಯಾಗಿ ಸಾಕಾಗುತ್ತದೆ.